ಕೇಶಭೂಮಿ

ಕನ್ನಡದಲ್ಲಿ ಕೂದಲಿಗೆ ಇರುವಷ್ಟು ಹೆಸರುಗಳು ಶರೀರದ ಬೇರೆ ಯಾವ ಭಾಗಕ್ಕೂ ಇಲ್ಲವೆಂದು ತೋರುತ್ತದೆ. ಬಿಟ್ಟರೆ ಸೋರ್ಮುಡಿ, ಕಟ್ಟಿದರೆ ತುರುಬು, ಹೆಣೆದರೆ ಜಡೆ ಅಥವಾ ಹೆರಳು, ಹಣೆಯ ಮೇಲೆ ಇಳಿದರೆ ಮುಂಗುರುಳು, ಗಂಟುಗಟ್ಟಿ ಬೆಳೆದರೆ ಜಟೆ. ಸಂಸ್ಕೃತದಿಂದ ಬಂದು ನಮ್ಮವೇ ಆಗಿರುವ ಕೇಶ, ಕುಂತಲ, ಚಿಕುರ, ಕಚ, ಅಳಕ ಮೊದಲಾದವು ಬೇರೆ. ಕವಿಗಳು ಮುಡಿಯನ್ನು ಕಾರ್ಮುಗಿಲಿಗೆ ಹೋಲಿಸಿದರು, ದುಂಬಿಗಳ ಸಾಲಿಗೆ ಹೋಲಿಸಿದರು, ಇರುಳಿಗೇ ಹೋಲಿಸಿದರು. ಆದರೆ ಆ ಕೂದಲು ಯಾವ ನೆಲದಲ್ಲಿ ಬೇರೂರಿ ನಿಂತಿದೆಯೋ ಆ ತಲೆಯ ಚರ್ಮಕ್ಕೆ ನಮ್ಮ ಆಡುಮಾತಿನಲ್ಲಿ ತನ್ನದೇ ಆದ ಒಂದು ಹೆಸರಿಲ್ಲ. ನೆತ್ತಿ ಎಂದರೆ ತಲೆಯ ನಡುಮೇಲಿನ ಭಾಗವಷ್ಟೆ. ಬುರುಡೆ ಎಂದರೆ ಎಲುಬು. ಮಂಡೆ ಎಂದರೆ ತಲೆಯೆಲ್ಲ. ಹೆಸರಿಲ್ಲದ ವಸ್ತುವಿನ ಕಡೆಗೆ ಜನರ ಗಮನ ಹರಿಯುವುದು ಕಷ್ಟ. ಕೂದಲಿಗೆ ಎಣ್ಣೆ, ಕೂದಲಿಗೆ ಹೂವು, ಕೂದಲಿಗೆ ಬಣ್ಣ ಎಂದು ಮಾತನಾಡುವ ನಾವು ಅದರ ಬುಡದ ಚರ್ಮದ ಮಾತನ್ನು ಎತ್ತುವುದು, ಅಲ್ಲಿ ತುರಿಕೆಯೋ ಗಾಯವೋ ಕಾಣಿಸಿಕೊಂಡ ಮೇಲೆಯೇ.

ಕೋಶಕಾರರು ಮಾತ್ರ ಈ ವಿಷಯದಲ್ಲಿ ಕವಿಗಳಿಗಿಂತ ಸ್ವಲ್ಪ ಎಚ್ಚರವಾಗಿದ್ದಂತೆ ಕಾಣುತ್ತದೆ. ಅಮರಕೋಶದಲ್ಲಿ ಕೂದಲಿನ ಪರ್ಯಾಯಪದಗಳ ನಡುವೆ 'ಶಿರೋರುಹ' ಎಂಬುದೂ ಒಂದು. ಸರಸ್ಸಿನಲ್ಲಿ ಬೆಳೆಯುವುದು ಸರೋರುಹ, ಭೂಮಿಯಲ್ಲಿ ಬೆಳೆಯುವುದು ಭೂರುಹ, ಶಿರಸ್ಸಿನಲ್ಲಿ ಬೆಳೆಯುವುದು ಶಿರೋರುಹ. ಸಮಾಸಪಾಠದಲ್ಲಿ ಮಕ್ಕಳಿಂದ ವಿಗ್ರಹವಾಕ್ಯ ಹೇಳಿಸುವಾಗ ನಾವು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಸುತ್ತೇವೆ. ಕೆರೆಯ ನೀರು ಕೆಟ್ಟರೆ ತಾವರೆ ನಿಲ್ಲದು, ನೆಲ ಸವುಳಾದರೆ ಮರ ನಿಲ್ಲದು ಎಂಬುದು ಎಲ್ಲರಿಗೂ ಗೊತ್ತು. ಮೂರನೆಯ ಪದಕ್ಕೂ ಅದೇ ನ್ಯಾಯ ಸಲ್ಲಬೇಕಷ್ಟೆ. ಇನ್ನು ವೈದ್ಯಗ್ರಂಥಗಳಿಗೆ ಬಂದರೆ, ನಮ್ಮ ಆಡುಮಾತಿನಲ್ಲಿ ಇಲ್ಲದ ಹೆಸರೇ ಅಲ್ಲಿ ದೊರೆಯುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವಾಗ, ದಾರುಣಕವೆಂಬ ವ್ಯಾಧಿಯ ಲಕ್ಷಣದಲ್ಲಿ, ತಲೆಯ ಚರ್ಮವನ್ನು 'ಕೇಶಭೂಮಿ' ಎಂದು ಕರೆಯಲಾಗಿದೆ. ಇಷ್ಟು ಸುಂದರವೂ ಅರ್ಥವತ್ತೂ ಆದ ಮಾತು ಬಳಕೆಗೆ ಬಾರದೆ ಗ್ರಂಥದಲ್ಲೇ ಉಳಿದದ್ದು ನಮ್ಮ ದುರದೃಷ್ಟ. ಈ ಲೇಖನದಲ್ಲಿ ನಾನು ಅದನ್ನೇ ಬಳಸುತ್ತೇನೆ. ಕೆಲವೆಡೆ ಆಡುಮಾತಿನ ಅನುಕೂಲಕ್ಕೆ ನೆತ್ತಿ ಎಂದರೂ ಅರ್ಥ ಇದೇ.

ಶಾಲೆಯ ಸ್ಮರಣ ಸಂಚಿಕೆಯಲ್ಲಿ ವ್ಯಾಕರಣವನ್ನೋ ವಚನವನ್ನೋ ಕುರಿತು ಬರೆಯಬೇಕಾದ ಪಂಡಿತನಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಪ್ರಸಾದ ನಿಲಯವಿರುವ ಶಾಲೆಯಲ್ಲಿ ನೂರಾರು ತಲೆಗಳು ಒಂದರ ಪಕ್ಕದಲ್ಲಿ ಒಂದು ಮಲಗುತ್ತವೆ. ಅಲ್ಲಿ ಒಂದು ಮಗುವಿನ ನೆತ್ತಿಯ ತೊಂದರೆ ಆ ಮಗುವಿನದಾಗಿಯೇ ಉಳಿಯುವುದಿಲ್ಲ. ಅದೂ ಅಲ್ಲದೆ, ತಲೆಯಲ್ಲಿ ಹೇನಿದೆಯೆಂದೋ ಹೊಟ್ಟಿದೆಯೆಂದೋ ತರಗತಿಯಲ್ಲಿ ನಗೆಗೀಡಾದ ಮಗು ಆ ದಿನ ಯಾವ ಪಾಠವನ್ನೂ ಕಲಿಯುವುದಿಲ್ಲ. ಅಧ್ಯಾಪಕರಾದ ನಮಗೆ ಈ ವಿಷಯ ಸಂಬಂಧಿಸಿದ್ದೆನ್ನಲು ಇಷ್ಟು ಸಾಕು.

ಮೊದಲು ಕೂದಲಿನ ಸ್ವರೂಪವನ್ನು ನೋಡೋಣ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ರೋಮಕೂಪಗಳಿವೆ. ಕೂಪವೆಂದರೆ ಬಾವಿ, ಈ ಹೆಸರೂ ಪ್ರಾಚೀನರದೇ, ಮತ್ತು ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಟ್ಟ ಹೆಸರೆಂದು ನೆನೆದಾಗ ಆಶ್ಚರ್ಯವಾಗುತ್ತದೆ. ಚರ್ಮದೊಳಕ್ಕೆ ಇಳಿದ ಈ ಸಣ್ಣ ಬಾವಿಯ ತಳದಲ್ಲಿ ರಕ್ತದಿಂದ ಪೋಷಣೆ ಪಡೆಯುವ ಜೀವಕೋಶಗಳು ಎಡೆಬಿಡದೆ ಹುಟ್ಟುತ್ತವೆ, ಹಿಂದಿನವನ್ನು ಮೇಲಕ್ಕೆ ತಳ್ಳುತ್ತವೆ. ಮೇಲೇರುತ್ತ ಅವು ಗಟ್ಟಿಯಾಗಿ ಸಾಯುತ್ತವೆ. ಚರ್ಮದಿಂದ ಹೊರಗೆ ಬರುವ ಹೊತ್ತಿಗೆ ಕೂದಲು ನಿರ್ಜೀವವಾದ ಎಳೆ. ಉಗುರು ಯಾವ ವಸ್ತುವಿನದೋ ಕೂದಲೂ ಅದೇ ಕೆರಾಟಿನ್ ಎಂಬ ಪ್ರೋಟೀನಿನದು. ಆದ್ದರಿಂದಲೇ ಕತ್ತರಿಸಿದರೆ ನೋವಿಲ್ಲ, ಕಿತ್ತರೆ ನೋವುಂಟು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಒಂದು ಕೂದಲು 2ರಿಂದ 6 ವರ್ಷ ಬೆಳೆದು, ಅನಂತರ ಸುಮಾರು 3 ತಿಂಗಳು ಬೆಳವಣಿಗೆ ನಿಲ್ಲಿಸಿ ವಿಶ್ರಮಿಸಿ, ಉದುರುತ್ತದೆ. ಅದೇ ಕೂಪದಲ್ಲಿ ಹೊಸದು ಮೊಳೆಯುತ್ತದೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಲ್ಲಿಯೂ ಸಹಜ. ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡೊಡನೆ ಕಂಗೆಡುವವರು ಇದನ್ನು ನೆನೆಯಬೇಕು.

ಇದರಿಂದ ಸಿದ್ಧವಾಗುವ ಸಂಗತಿಯೊಂದುಂಟು. ಹೊರಗೆ ಕಾಣುವ ಕೂದಲಿಗೆ ಯಾವ ಪೋಷಣೆಯನ್ನೂ ಉಣಿಸಲಾಗದು, ಸತ್ತದ್ದು ಉಣ್ಣುವುದಿಲ್ಲ. ಅದನ್ನು ಸವೆಯದಂತೆ, ಸೀಳದಂತೆ ಕಾಪಾಡಬಹುದು, ಅಷ್ಟೆ. ಬೆಳೆಯಬೇಕಾದ ಕೂದಲಿನ ಹಣೆಬರಹವೆಲ್ಲ ಕೂಪದ ತಳದಲ್ಲಿ, ಕೇಶಭೂಮಿಯಲ್ಲಿ, ಮತ್ತು ಆ ಭೂಮಿಗೆ ರಕ್ತದ ಮೂಲಕ ಬರುವ ಆಹಾರದಲ್ಲಿ ಇದೆ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬ ನಂಬಿಕೆಯೂ ಇಲ್ಲಿಯೇ ಬಿದ್ದುಹೋಗುತ್ತದೆ. ಕತ್ತಿ ತಗಲುವುದು ಮೇಲಿನ ಎಳೆಗೆ. ಕೂಪಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಮೊಂಡಾದ ತುದಿ ಬೆರಳಿಗೆ ಒರಟಾಗಿ ಸಿಕ್ಕುವುದರಿಂದ ದಪ್ಪವಾದಂತೆ ಭಾಸವಾಗುತ್ತದೆ. ಹರಕೆಯ ಮುಡಿ ಕೊಡುವವರು ಭಕ್ತಿಗಾಗಿ ಕೊಡಲಿ. ಬೆಳೆಯ ಲಾಭಕ್ಕಾಗಿ ಬೇಡ.

ಇನ್ನು ಅಭ್ಯಂಜನದ ವಿಚಾರ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ಎಣ್ಣೆ ತಿಕ್ಕುವುದನ್ನು ವಿಧಿಸಿ, ತಲೆ, ಕಿವಿ, ಅಂಗಾಲುಗಳಿಗೆ ಅದನ್ನು ವಿಶೇಷವಾಗಿ ಮಾಡಬೇಕೆನ್ನುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಭಾಗ. ಅದೇ ಪ್ರಕರಣದಲ್ಲಿ ಅವರು, ಕಫದಿಂದ ಪೀಡಿತರಾದವರೂ ಅಜೀರ್ಣವುಳ್ಳವರೂ ಅಭ್ಯಂಗವನ್ನು ಬಿಡಬೇಕೆಂದು ಹೇಳಿರುವುದನ್ನು ಎಣ್ಣೆಯ ಅಭಿಮಾನಿಗಳು ಮರೆಯುತ್ತಾರೆ. ಸ್ನಾನದ ನೀರನ್ನು ಕುರಿತ ಮಾತು ಇದಕ್ಕಿಂತಲೂ ಸ್ವಾರಸ್ಯವಾದದ್ದು: ಕೆಳಮೈಗೆ ಬಿಸಿನೀರು ಬಲಕರ, ಅದೇ ನೀರು ತಲೆಯ ಮೇಲೆ ಬಿದ್ದರೆ ಕೂದಲಿನ ಹಾಗೂ ಕಣ್ಣಿನ ಬಲವನ್ನು ಕುಗ್ಗಿಸುತ್ತದೆಂಬುದು ಅವರ ಅಭಿಪ್ರಾಯ. ಹಬ್ಬದ ದಿನ ಹಂಡೆಯ ಕುದಿನೀರನ್ನು ತಲೆಯ ಮೇಲೆ ಸುರಿದು ಮಗು ಕಿರುಚಿದಷ್ಟೂ ಸ್ನಾನ ಚೆನ್ನಾಯಿತೆಂದು ತಿಳಿಯುವ ಹಿರಿಯರು ಈ ಮಾತನ್ನು ಗಮನಿಸಬೇಕು. ಅತಿ ಬಿಸಿಯಾದ ನೀರು ಚರ್ಮದ ಸಹಜವಾದ ಜಿಡ್ಡನ್ನು ತೆಗೆದುಹಾಕಿ ಅದನ್ನು ಒಣಗಿಸುತ್ತದೆ, ತುರಿಕೆಯನ್ನು ಹೆಚ್ಚಿಸುತ್ತದೆ ಎಂಬುದನ್ನು ಇಂದಿನ ಚರ್ಮವೈದ್ಯರೂ ಒಪ್ಪುತ್ತಾರೆ. ತಲೆಗೆ ಉಗುರುಬೆಚ್ಚಗಿನ ನೀರು ಸಾಕು.

ಎಣ್ಣೆಯಿಂದ ಆಗುವುದೇನು? 2003ರಲ್ಲಿ ಮುಂಬಯಿಯ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ತೊಳೆಯುವ ಮುನ್ನ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಕ್ಕೆ ಇಳಿದು ಪ್ರೋಟೀನಿನ ನಷ್ಟವನ್ನು ಕಡಿಮೆ ಮಾಡಿತೆಂದೂ, ಸೂರ್ಯಕಾಂತಿ ಎಣ್ಣೆಗೆ ಹಾಗೂ ಖನಿಜತೈಲಕ್ಕೆ ಆ ಗುಣ ಕಾಣಲಿಲ್ಲವೆಂದೂ ತೋರಿಸಿದರು. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಗೆ ಸೇರಿದವರೆಂಬುದನ್ನೂ ವಾಚಕರು ಮನಸ್ಸಿನಲ್ಲಿಡಬೇಕು. ಅದು ನಿಜವೆಂದೇ ಇಟ್ಟುಕೊಂಡರೂ, ಹಾಗೆ ರಕ್ಷಣೆ ಪಡೆದದ್ದು ಈಗಾಗಲೇ ಬೆಳೆದುನಿಂತ ಎಳೆ. ಹೊಸ ಕೂದಲು ಹುಟ್ಟಿತೆಂದಲ್ಲ. ತಿಕ್ಕುವುದರ ಫಲವನ್ನು ಕುರಿತು 2016ರಲ್ಲಿ ಜಪಾನಿನಲ್ಲಿ ಒಂದು ಪ್ರಯೋಗ ನಡೆಯಿತು. ದಿನಕ್ಕೆ 4 ನಿಮಿಷದಂತೆ 24 ವಾರ ನೆತ್ತಿಯನ್ನು ತಿಕ್ಕಿಸಿಕೊಂಡವರ ಕೂದಲಿನ ಎಳೆ ಸ್ವಲ್ಪ ದಪ್ಪವಾಯಿತು. ಆದರೆ ಭಾಗವಹಿಸಿದವರು 9 ಮಂದಿ ಮಾತ್ರ. ಒಂಬತ್ತು ತಲೆಗಳ ಆಧಾರದ ಮೇಲೆ ಸಿದ್ಧಾಂತ ಕಟ್ಟಲಾಗದು. ಹಾಗೆಂದು ವಾರಕ್ಕೊಮ್ಮೆ ತಾಯಿಯೋ ಅಜ್ಜಿಯೋ ಮಗುವಿನ ನೆತ್ತಿಯನ್ನು ಬೆರಳ ತುದಿಗಳಿಂದ ಮೆಲ್ಲನೆ ಒತ್ತುವುದನ್ನು ಬಿಡಿಸಬೇಕಾದ ಕಾರಣವೂ ಇಲ್ಲ. ಉಗುರು ತಾಗಿಸಬಾರದು, ಎಳೆಗೂಸಿನ ಮೆತ್ತನೆಯ ನೆತ್ತಿಯನ್ನು ಅದುಮಬಾರದು ಎಂಬಿಷ್ಟು ಎಚ್ಚರಿಕೆ ಸಾಕು.

ಇಲ್ಲಿ ಒಂದು ಪದದ ಕಥೆ ನೆನಪಾಗುತ್ತದೆ. ಇಂದು ಮನೆಮನೆಯ ಬಚ್ಚಲಲ್ಲಿರುವ ಶಾಂಪೂ ಎಂಬ ಮಾತು ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ. ಹಿಂದಿಯಲ್ಲಿ 'ಚಾಂಪೋ' ಎಂದರೆ 'ಒತ್ತು, ಅಮುಕು' ಎಂದರ್ಥ. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬವರು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಸ್ನಾನಗೃಹವೊಂದನ್ನು ತೆರೆದು, ಮೈಯನ್ನು ಒತ್ತುವ ಚಿಕಿತ್ಸೆಯಿಂದ ಹೆಸರು ಗಳಿಸಿ, ಅದನ್ನು ಕುರಿತು 1822ರಲ್ಲಿ ಪುಸ್ತಕವನ್ನೂ ಬರೆದರು. ಅಂದಿನ ಅರ್ಥದಲ್ಲಿ ಶಾಂಪೂ ಎಂದರೆ ಮರ್ದನ. ಕಾಲಕ್ರಮದಲ್ಲಿ ಮರ್ದನ ಹೋಗಿ ನೊರೆ ಮಾತ್ರ ಉಳಿಯಿತು. ಹೆಸರು ಹಡಗು ಹತ್ತಿ ಹೋಗಿ ಅರ್ಥವನ್ನು ಅಲ್ಲೇ ಬಿಟ್ಟು ಮರಳಿತು.

ತೊಳೆಯುವ ಸಾಧನಗಳಲ್ಲಿ ನಮ್ಮ ನಾಡಿನ ಸಂಪತ್ತು ದೊಡ್ಡದು. ಸೀಗೆಕಾಯಿ, ಅಂಟುವಾಳ, ಹಳೆಯ ಮೈಸೂರಿನ ಕಡೆಯ ಚಿಗರೆಪುಡಿ, ಮಲೆನಾಡಿನ ಮತ್ತಿಸೊಪ್ಪು, ಎಲ್ಲೆಡೆಯ ದಾಸವಾಳದ ಎಲೆ. ಸೀಗೆ ಅಂಟುವಾಳಗಳಲ್ಲಿ ಸಾಪೊನಿನ್ ಎಂಬ ನೊರೆಗಟ್ಟುವ ಪದಾರ್ಥವಿದ್ದು ಅದು ಜಿಡ್ಡನ್ನು ಬಿಡಿಸುತ್ತದೆ. ಮತ್ತಿ, ದಾಸವಾಳಗಳ ಲೋಳೆ ಎಳೆಗಳನ್ನು ಮೆತ್ತಗಾಗಿಸುತ್ತದೆ. ಆದರೆ ತರಿತರಿಯಾದ ಸೀಗೆಪುಡಿಯನ್ನು ನೇರವಾಗಿ ತಿಕ್ಕಿದರೆ ಚರ್ಮ ಗೀರುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಕಾಯನ್ನು ನೆನೆಸಿ, ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿದ ನೀರು ಉತ್ತಮ. ಸೀಗೆಯೇ ಆಗಬೇಕೆಂಬ ಹಟ ನನಗಿಲ್ಲ. ಮೃದುವಾದ ಶಾಂಪೂ ಕೂಡ ಅದೇ ಕೆಲಸವನ್ನು ಮಾಡುತ್ತದೆ. ಬೇಡವೆನ್ನುವುದು ಮೈಸಾಬೂನಿನ ಬಿಲ್ಲೆಯನ್ನೇ ತಲೆಗೆ ಉಜ್ಜುವ ಅಭ್ಯಾಸವನ್ನು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ ಮೊಸರಿನಂತೆ ಒಡೆದು ನೆತ್ತಿಗೂ ಕೂದಲಿಗೂ ಅಂಟಿಕೊಳ್ಳುತ್ತದೆ. ಎಷ್ಟು ತೊಳೆದರೂ ಬಿಡದು. ತಾರಸಿಯ ಮಳೆನೀರನ್ನು ಸಂಗ್ರಹಿಸುವ ವ್ಯವಸ್ಥೆಯಿರುವ ಕಡೆ ಕೊನೆಯ ಎರಡು ತಂಬಿಗೆ ಆ ನೀರಾದರೆ ಒಳ್ಳೆಯದು.

ಇನ್ನು ತಲೆಯ ಹೊಟ್ಟು. ಇಲ್ಲಿ ನಮ್ಮ ಭಾಷೆಯೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆಯೆಂದು ನನ್ನ ಊಹೆ. ಹೊಟ್ಟು ಎಂದರೆ ಕಾಳಿನ ಒಣ ಸಿಪ್ಪೆ. ಹೆಸರು ಕೇಳಿದೊಡನೆ ಒಣಗಿದ್ದೆಂಬ ಭಾವನೆ. ಒಣಗಿದ್ದಕ್ಕೆ ಮದ್ದು ಎಣ್ಣೆಯೆಂಬ ತೀರ್ಮಾನ. ಚಳಿಗಾಲದಲ್ಲಿ ಚರ್ಮ ಒಣಗಿ ಉದುರುವ ನುಣ್ಣನೆಯ ಪುಡಿಗೆ ಇದು ಸಲ್ಲಬಹುದು. ಆದರೆ ಸಾಮಾನ್ಯವಾಗಿ ಕಾಣುವ ಹೊಟ್ಟು ಒಣತನದಿಂದ ಬಂದದ್ದಲ್ಲ, ಜಿಡ್ಡಿನಿಂದ ಬಂದದ್ದು. ಎಲ್ಲರ ನೆತ್ತಿಯ ಮೇಲೂ ವಾಸಿಸುವ ಒಂದು ಬಗೆಯ ಸೂಕ್ಷ್ಮ ಶಿಲೀಂಧ್ರವುಂಟು. 19ನೆಯ ಶತಮಾನದ ಫ್ರಾನ್ಸಿನ ವಿಜ್ಞಾನಿ ಮಲಸ್ಸೇ ಅವರ ಹೆಸರಿನಿಂದ ಅದನ್ನು ಮಲಸೇಜಿಯಾ ಎನ್ನುತ್ತಾರೆ. ಚರ್ಮದ ಜಿಡ್ಡೇ ಅದರ ಆಹಾರ. ಅದು ಜಿಡ್ಡನ್ನು ಒಡೆದು ತಿಂದು ಬಿಟ್ಟ ಆಮ್ಲಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆಗ ತುರಿಕೆ ಹುಟ್ಟಿ, ಚರ್ಮದ ಹೊರಪದರ ಬೇಗಬೇಗನೆ ಕಳಚುತ್ತದೆ. ಅಂಥ ತಲೆಗೆ ಎಣ್ಣೆ ಹಚ್ಚಿ ಎರಡು ಮೂರು ದಿನ ಹಾಗೆಯೇ ಬಿಡುವುದೆಂದರೆ ಆ ಶಿಲೀಂಧ್ರಕ್ಕೆ ದಾಸೋಹ ನಡೆಸಿದಂತೆ. ಸುಶ್ರುತರು ದಾರುಣಕದಲ್ಲಿ ಕೇಶಭೂಮಿ ರೂಕ್ಷವಾಗಿರುತ್ತದೆ ಎಂದದ್ದು ನಿಜ. ಅದು ಕಣ್ಣಿಗೂ ಬೆರಳಿಗೂ ತೋರುವ ಲಕ್ಷಣ. ಕಾರಣವನ್ನು ಹೇಳುವಾಗ ಅವರು ವಾತದೊಡನೆ ಸ್ನಿಗ್ಧಗುಣದ ಕಫವನ್ನೂ ಸೇರಿಸಿದ್ದಾರೆಂಬುದು ವಿಚಾರಾರ್ಹ.

ಹೊಟ್ಟಿರುವವರು ವಾರಕ್ಕೆ ಎರಡು ಮೂರು ಬಾರಿಯಾದರೂ ತಲೆ ತೊಳೆಯಬೇಕು. ಅದರಿಂದ ಕಡಿಮೆಯಾಗದಿದ್ದರೆ ಔಷಧಾಲಯದಲ್ಲಿ ದೊರೆಯುವ, ಕೀಟೋಕೊನಜೋಲ್ ಎಂಬ ಔಷಧಿ ಸೇರಿದ ಶಾಂಪೂವನ್ನು ವೈದ್ಯರನ್ನು ಕೇಳಿ ಬಳಸಬಹುದು. ಅದನ್ನು ಕೂದಲಿಗಲ್ಲ, ನೆತ್ತಿಗೆ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದೊಡನೆ ತೊಳೆದು, ಗುಣವಾಗಲಿಲ್ಲವೆಂದು ಮದ್ದನ್ನು ಬೈಯುವವರೇ ಹೆಚ್ಚು. ಹೊಟ್ಟು ಒಮ್ಮೆ ಹೋದರೆ ಮರಳಿ ಬಾರದೆಂಬ ಭರವಸೆಯಿಲ್ಲ. ಹಲ್ಲುಜ್ಜುವುದು ಹೇಗೆ ನಿತ್ಯದ ಕೆಲಸವೋ ಇದೂ ಹಾಗೆ.

ಕೂದಲುದುರುವುದನ್ನು ಕುರಿತು ನನ್ನ ಬಳಿ ಕೇಳುವವರಲ್ಲಿ ಹಳೆಯ ವಿದ್ಯಾರ್ಥಿಗಳೇ ಹೆಚ್ಚು. ತೀವ್ರವಾದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಕಠಿಣವಾದ ಉಪವಾಸ ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಶರೀರವು ಸಂಕಟದಲ್ಲಿದ್ದಾಗ ಬಹಳಷ್ಟು ಕೂಪಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಆ ವಿಶ್ರಾಂತಿಯ ಅವಧಿ ಮುಗಿದಾಗ ಒಟ್ಟಿಗೆ ಉದುರುತ್ತವೆ. 2020 ಮತ್ತು 2021ರ ಕೊರೋನಾ ಜ್ವರದಿಂದ ಚೇತರಿಸಿಕೊಂಡ ಅನೇಕರು ಇದನ್ನು ಕಂಡು ಹೆದರಿದರು. ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಂತು ಹೊಸ ಕೂದಲು ಬರುತ್ತದೆ. ಬರುವ ಹೊತ್ತಿಗೆ ಸರಿಯಾಗಿ ಯಾವ ಸೀಸೆ ಕೈಯಲ್ಲಿದೆಯೋ ಕೀರ್ತಿ ಅದಕ್ಕೆ ಸಲ್ಲುತ್ತದೆ! ಕೇಶತೈಲದ ವ್ಯಾಪಾರದ ರಹಸ್ಯದಲ್ಲಿ ಅರ್ಧ ಇಷ್ಟೇ ಎಂದು ನನಗೆ ತೋರುತ್ತದೆ. ಗಂಡಸರಲ್ಲಿ ವಂಶಪಾರಂಪರ್ಯವಾಗಿ ಬರುವ ಬಕ್ಕತಲೆಗೆ ಯಾವ ತೈಲವೂ ಮದ್ದಲ್ಲ. ವೈದ್ಯರ ಸಲಹೆಯಿಂದ ಬಳಸಬಹುದಾದ ಒಂದೆರಡು ಔಷಧಿಗಳು ಇಂದು ಇವೆ, ಬಿಟ್ಟರೆ ಮತ್ತೆ ಉದುರುತ್ತದೆ. ಹೆಣ್ಣುಮಕ್ಕಳ ವಿಷಯ ಬೇರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆಯೂ ಥೈರಾಯ್ಡ್ ಗ್ರಂಥಿಯ ತೊಂದರೆಯೂ ಕೂದಲುದುರುವುದಕ್ಕೆ ಕಾರಣವಾಗಬಲ್ಲವು. ಜಡೆ ತೆಳ್ಳಗಾಯಿತೆಂದು ಅಳುವ ಹುಡುಗಿಗೆ ಮೊದಲು ಬೇಕಾದದ್ದು ರಕ್ತಪರೀಕ್ಷೆ. ತಟ್ಟೆಯಲ್ಲಿ ಮೊಳಕೆಯ ಹೆಸರುಕಾಳು, ಶೇಂಗಾ, ಸೊಪ್ಪು, ರಾಗಿ.

ಮಕ್ಕಳ ನೆತ್ತಿಯಲ್ಲಿ ನಾವು ಎಚ್ಚರದಿಂದ ನೋಡಬೇಕಾದದ್ದು ಬೇರೊಂದುಂಟು. ಚರ್ಮದ ಜಿಡ್ಡಿನ ಗ್ರಂಥಿಗಳು ಚುರುಕಾಗುವುದು ಪ್ರಾಯಕ್ಕೆ ಬರುವಾಗ. ಆದ್ದರಿಂದ ಏಳೆಂಟು ವರ್ಷದ ಮಗುವಿಗೆ ದೊಡ್ಡವರಂತೆ ಹೊಟ್ಟಾಗುವುದು ಅಪರೂಪ. ಅಷ್ಟು ಎಳೆಯ ಮಗುವಿನ ತಲೆಯಲ್ಲಿ ಒಂದು ಕಡೆ ಪುಡಿಯೆದ್ದು, ಕೂದಲು ಮುರಿದು, ಕಪ್ಪು ಚುಕ್ಕೆಗಳಂಥ ಮೋಟುಗಳು ಉಳಿದಿದ್ದರೆ ಅದು ಹೊಟ್ಟಲ್ಲ, ಗಜಕರ್ಣವಿರಬಹುದು. ಇದು ಬಾಚಣಿಗೆ, ಟೊಪ್ಪಿಗೆ, ಟವಲು, ಕ್ಷೌರದ ಸಲಕರಣೆಗಳಿಂದ ಹರಡುತ್ತದೆ; ಸಾಕಿದ ಬೆಕ್ಕು ನಾಯಿಗಳಿಂದಲೂ ಬರುತ್ತದೆ. ಶಿಲೀಂಧ್ರ ಕೂಪದೊಳಗೇ ಇಳಿದಿರುವುದರಿಂದ ಮೇಲೆ ಹಚ್ಚುವ ಮುಲಾಮು ಸಾಲದು. ವೈದ್ಯರು ಕೊಟ್ಟ ಮಾತ್ರೆಯನ್ನು ಹಲವು ವಾರ ನುಂಗಬೇಕು.

ಬಹಳ ವರ್ಷಗಳ ಹಿಂದೆ ನಾನು ಬೇರೊಂದು ಊರಿನಲ್ಲಿ ಅಧ್ಯಾಪಕನಾಗಿದ್ದಾಗ, ಅಲ್ಲಿಯ ವಿದ್ಯಾರ್ಥಿನಿಲಯದ ಚಿಕ್ಕ ಹುಡುಗನೊಬ್ಬನನ್ನು ಅವನ ತಾಯಿ ನನ್ನ ಬಳಿಗೆ ಕರೆತಂದರು. "ದಿನಾ ಎಣ್ಣೀ ಹಚ್ಚೇವ್ರೀ ಗುರುಗಳ, ಕಮ್ಮಿನ ಆಗವಲ್ದ್ರೀ" ಎಂದರು. ಅಂಗಡಿಯೊಂದರಲ್ಲಿ ಕೊಟ್ಟ ಯಾವುದೋ ಮುಲಾಮನ್ನೂ ತಿಂಗಳುಗಟ್ಟಲೆ ಹಚ್ಚಿದ್ದರು. ಅಷ್ಟು ಹೊತ್ತಿಗೆ ನೆತ್ತಿಯ ಹಿಂಭಾಗ ಊದಿ, ಒತ್ತಿದರೆ ಕೀವು ಬರುವಂತಾಗಿತ್ತು. ಜಿಲ್ಲಾ ಕೇಂದ್ರದ ಚರ್ಮವೈದ್ಯರು ಎರಡು ತಿಂಗಳು ಮಾತ್ರೆ ಕೊಟ್ಟು ಗುಣಪಡಿಸಿದರು; ಆದರೆ ರೂಪಾಯಿಯ ಅಗಲದ ಜಾಗದಲ್ಲಿ ಕೂಪಗಳೇ ನಾಶವಾಗಿ ಕಲೆ ಉಳಿಯಿತು, ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಆ ವೈದ್ಯರ ಮಾತಿನಂತೆ ಕೋಣೆಯ ಉಳಿದ ಹುಡುಗರನ್ನು ಪರೀಕ್ಷಿಸಿದಾಗ ಇನ್ನೂ ನಾಲ್ವರಲ್ಲಿ ಅದೇ ಕಾಯಿಲೆ ಕಂಡಿತು. ಕನ್ನಡಿಯ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ಒಂದೇ ಹಣಿಗೆಯಿಂದ ಅವರೆಲ್ಲರೂ ತಲೆ ಬಾಚಿಕೊಳ್ಳುತ್ತಿದ್ದರು.

ಪುಡಿಯಾಗಲಿ ಮುರಿದ ಕೂದಲಾಗಲಿ ಇಲ್ಲದೆ, ನಯವಾದ ಗುಂಡನೆಯ ಬೋಳು ಕಲೆ ಕಂಡರೆ ಅದು ಬಹುಮಟ್ಟಿಗೆ ಪ್ರಾಚೀನರ ಇಂದ್ರಲುಪ್ತ. ಜನ 'ಹುಳ ತಿಂದಿದೆ' ಎನ್ನುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ, ಅದು ಅಂಟುವುದೂ ಇಲ್ಲ. ಶರೀರದ ರಕ್ಷಣಾಶಕ್ತಿಯೇ ತಪ್ಪಿ ಕೂಪದ ಮೇಲೆ ಎರಗಿದಾಗ ಹೀಗಾಗುತ್ತದೆ. ಅನೇಕರಲ್ಲಿ ವರ್ಷದೊಳಗೆ ತಾನಾಗಿ ಸರಿಹೋಗುತ್ತದೆ. ಇದಕ್ಕೆ ಗುಲಗಂಜಿಯನ್ನು ಅರೆದು ಹಚ್ಚುವ ರೂಢಿ ಕೆಲವೆಡೆ ಉಂಟು. ಗುಲಗಂಜಿಯ ಬೀಜ ಘೋರವಾದ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಅರೆಯುವ ಕಲ್ಲೇ ಇರಬಾರದು.

ಹೇನಿನ ಮಾತು ಹೇಳದಿದ್ದರೆ ಲೇಖನ ಅಪೂರ್ಣ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ತೆವಳಿಕೊಂಡು ಹೋಗುತ್ತದೆ. ಕೊಳಕಿಗೂ ಬಡತನಕ್ಕೂ ಅದು ಗುರುತಲ್ಲ. ದಿನವೂ ತಲೆ ತೊಳೆಯುವವರಿಗೂ ಬರುತ್ತದೆ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ನೆತ್ತಿಯ ಹತ್ತಿರ ಕೂದಲಿಗೆ ಅಂಟಿಸಿದ ಸೀರು 7ರಿಂದ 10 ದಿನದಲ್ಲಿ ಒಡೆದು ಮರಿ ಹೊರಬರುತ್ತದೆ. ಈ ಲೆಕ್ಕವನ್ನು ತಿಳಿಯದವರು ಒಮ್ಮೆ ಮದ್ದು ಹಚ್ಚಿ ಮುಗಿಯಿತೆನ್ನುತ್ತಾರೆ, ಹತ್ತು ದಿನಕ್ಕೆ ಮತ್ತೆ ತಲೆ ಕೆರೆಯುತ್ತಾರೆ. ಶೇಕಡಾ 1ರ ಪರ್ಮೆಥ್ರಿನ್ ದ್ರಾವಣವನ್ನು 10 ನಿಮಿಷ ಹಚ್ಚಿ ತೊಳೆದು, ಒಂದು ವಾರ ಅಥವಾ ಹತ್ತು ದಿನ ಕಳೆದು ಮತ್ತೊಮ್ಮೆ ಹಚ್ಚಬೇಕು. ಮದ್ದಿಲ್ಲದಿದ್ದರೂ ನಮ್ಮ ಅಜ್ಜಿಯರ ಸೀರಣಿಗೆ ಇದ್ದೇ ಇದೆ: ಒದ್ದೆಯಾದ ಕೂದಲನ್ನು ಸಣ್ಣಸಣ್ಣ ಪಾಲು ಮಾಡಿ, ಬುಡದಿಂದ ತುದಿಯವರೆಗೆ, ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಬಾಚಿದರೆ ಹೇನಿನ ವಂಶ ನಿಲ್ಲುತ್ತದೆ. ಸೀಮೆಎಣ್ಣೆಯನ್ನಾಗಲಿ ಹೊಲಕ್ಕೆ ಹೊಡೆಯುವ ಕೀಟನಾಶಕವನ್ನಾಗಲಿ ಮಗುವಿನ ತಲೆಗೆ ಹಚ್ಚುವುದು ಅಪಾಯ, ಅದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಅಧ್ಯಾಪಕರಲ್ಲಿ ನನ್ನದೊಂದು ಪ್ರಾರ್ಥನೆ: ಹೇನಿರುವ ಹುಡುಗಿಯನ್ನು ಬೇರೆ ಕೂರಿಸಬೇಡಿ, ಮನೆಗೆ ಕಳುಹಿಸಬೇಡಿ. ತಾಯಿಯನ್ನು ಕರೆಸಿ, ಯಾರೂ ಕೇಳದಂತೆ ಹೇಳಿರಿ.

ಶಾಲೆಯ ಶಿಸ್ತಿಗೇ ಸಂಬಂಧಿಸಿದ ಇನ್ನೊಂದು ಮಾತು ಉಳಿದಿದೆ. ಹೆಣ್ಣುಮಕ್ಕಳು ಎರಡು ಜಡೆಗಳನ್ನು ಬಿಗಿಯಾಗಿ ಹೆಣೆದು, ಮಡಿಸಿ, ರಿಬ್ಬನ್ನು ಕಟ್ಟಿಕೊಂಡು ಬರಬೇಕೆಂಬ ನಿಯಮ ಅನೇಕ ಶಾಲೆಗಳಲ್ಲಿದೆ. ನೋಡಲು ಲಕ್ಷಣವಾದದ್ದೇ. ಆದರೆ ಪ್ರತಿದಿನವೂ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಜಗ್ಗಿದರೆ ಹಣೆಯ ಅಂಚಿನ ಮತ್ತು ಕಿವಿಯ ಮೇಲಿನ ಕೂಪಗಳು ಸೋಲುತ್ತವೆ. ಮೊದಮೊದಲು ಅಲ್ಲಿ ಕೂದಲು ತೆಳ್ಳಗಾಗುತ್ತದೆ. ಆಗಲೇ ಸಡಿಲಿಸಿದರೆ ಮರಳಿ ಬರುತ್ತದೆ, ಬಹುಕಾಲ ಕಡೆಗಣಿಸಿದರೆ ಬಾರದು. ಬಾಚುವಾಗ ಹುಬ್ಬು ಮೇಲಕ್ಕೆಳೆದಂತಾದರೆ, ಸಂಜೆ ಜಡೆ ಬಿಚ್ಚಿದಾಗ ನೆತ್ತಿ ನೋಯುತ್ತಿದ್ದರೆ, ಜಡೆ ಅತಿಯಾಗಿ ಬಿಗಿಯಾಗಿದೆ ಎಂದರ್ಥ. ಬೆಳಗಿನ ಪ್ರಾರ್ಥನೆಗೆ ತಡವಾಗುವುದೆಂಬ ಭಯದಿಂದ ಒದ್ದೆ ಕೂದಲನ್ನೇ ಹೆಣೆದುಕೊಂಡು ಬರುವವರೂ ಬಹಳ. ಒದ್ದೆಯಾದ ಎಳೆ ಬೇಗ ಹರಿಯುತ್ತದೆ, ತೇವ ನಿಂತ ನೆತ್ತಿ ನಾರುತ್ತದೆ. ಜಡೆ ಅಚ್ಚುಕಟ್ಟಾಗಿರಲಿ ಎಂದರೆ ಸಾಕು, ಬಿಗಿಯಾಗಿರಲಿ ಎನ್ನಬೇಕಾಗಿಲ್ಲ. ಒಂದೇ ಜಡೆ ಹಾಕಿಕೊಂಡು ಬಂದವಳ ಮೇಲೂ ಸಿಡುಕಬೇಕಾಗಿಲ್ಲ. ನಿಲಯದಲ್ಲಿ ಹೆಣ್ಣುಮಕ್ಕಳ ತಲೆಸ್ನಾನವನ್ನು ರಜೆಯ ದಿನದ ಬೆಳಿಗ್ಗೆಗೋ, ತರಗತಿ ಮುಗಿದ ಮಧ್ಯಾಹ್ನಕ್ಕೋ ಇಟ್ಟರೆ ಬಿಸಿಲಿನಲ್ಲಿ ಒಣಗಿಸಿಕೊಳ್ಳಲು ಹೊತ್ತು ದೊರೆಯುತ್ತದೆ.

ನಿಲಯಕ್ಕೆ ಹೊಸದಾಗಿ ಸೇರಿದ ಮಗುವಿಗೆ ತಟ್ಟೆ, ಲೋಟ, ಹಾಸಿಗೆ, ಹೊದಿಕೆಗಳನ್ನು ದಾನಿಗಳ ಔದಾರ್ಯದಿಂದ ಕೊಡುವ ಪದ್ಧತಿ ಇಂಥ ಸಂಸ್ಥೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ತಟ್ಟೆಯ ಅಂಚಿನಲ್ಲಿ ಮಗುವಿನ ಸಂಖ್ಯೆಯನ್ನು ಕೆತ್ತಿಸುವುದೂ ಉಂಟು. ಆ ಸಾಮಾನುಗಳ ಪಟ್ಟಿಗೆ ಒಂದು ಬಾಚಣಿಗೆ, ತಲೆ ಒರೆಸುವ ಒಂದು ಟವಲು, ಪ್ರತಿ ಕೋಣೆಗೆ ಎರಡು ಸೀರಣಿಗೆ ಸೇರಿಸಿದರೆ ಆಗುವ ವೆಚ್ಚ ಅತ್ಯಲ್ಪ. ಬಾಚಣಿಗೆಯ ಮೇಲೆ ಕಾದ ಮೊಳೆಯಿಂದ ಅದೇ ಸಂಖ್ಯೆಯನ್ನು ಬರೆಯಬಹುದು. ಟವಲಿನ ಮೂಲೆಯಲ್ಲಿ ಬಣ್ಣದ ದಾರದಿಂದ ಹೊಲಿಯಬಹುದು. ಕ್ಷೌರಕ್ಕೆ ಬರುವವರಿಗೆ ತಲೆಗೊಂದು ಹೊಸ ಬ್ಲೇಡು ಕೊಟ್ಟು, ಕತ್ತರಿ ಹಾಗೂ ಯಂತ್ರದ ಹಲ್ಲುಗಳನ್ನು ಪ್ರತಿಯೊಬ್ಬರ ಅನಂತರ ಔಷಧದ್ರವದಲ್ಲಿ ಅದ್ದಿ ಒರೆಸುವಂತೆ ಹೇಳುವುದು ಮೇಲ್ವಿಚಾರಕರ ಕೆಲಸ.